ಮಸ್ಕಿಯ ಅಶೋಕಶಾಸನವೂ ಗಣಕಜಾಲದ ಮೂಲತತ್ತ್ವಗಳೂ

೧. ವಿಷಯಪ್ರವೇಶ

ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಯ ಮೇಲೆ, ಆ ಎರಡು ಪಟ್ಟಣಗಳ ನಡುವೆ, ಮಸ್ಕಿ ಎಂಬ ಊರು ಇರುವುದು. ಇದು ಬಹುಕಾಲ ಲಿಂಗಸುಗೂರು ತಾಲೂಕಿಗೆ ಸೇರಿದ್ದು, ಇತ್ತೀಚೆಗೆ ತಾನೇ ಒಂದು ತಾಲೂಕಿನ ಕೇಂದ್ರವಾಗಿದೆ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಈ ಊರಿಗೆ ಮೊಸಂಗಿ ಎಂಬ ಹೆಸರುಂಟು. ಚೋಳ ರಾಜೇಂದ್ರನಿಗೂ ಇಮ್ಮಡಿ ಜಯಸಿಂಹನಿಗೂ ಯುದ್ಧ ನಡೆದ ಮುಶಂಗಿಯು ಇದೇ ಎಂದು ವಿದ್ವಾಂಸರಲ್ಲಿ ಹಲವರು ಗುರುತಿಸಿರುವರು. ಆದರೆ ಈ ಊರಿನ ಹೆಸರು ಲೋಕವಿಖ್ಯಾತವಾದುದು ಅದಕ್ಕಿಂತಲೂ ಪ್ರಾಚೀನವಾದ ಒಂದು ಲೇಖದಿಂದ. ೧೯೧೫ನೆಯ ಇಸವಿಯ ಜನವರಿ ತಿಂಗಳಲ್ಲಿ, ಚಿನ್ನದ ಗಣಿಗಾರಿಕೆಯ ಇಂಜಿನಿಯರರಾದ ಬೀಡನ್ ಎಂಬವರು ಇಲ್ಲಿಯ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀಲಿಪಿಯ ಬರವಣಿಗೆಯನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದ್ ಪುರಾತತ್ತ್ವ ಮಾಲೆಯ ಪ್ರಥಮ ಗ್ರಂಥವಾಗಿ ಪ್ರಕಟಿಸಿದರು. ಅದು ಮೌರ್ಯ ಚಕ್ರವರ್ತಿಯ ಲಘುಶಿಲಾಶಾಸನದ ಒಂದು ಪ್ರತಿಯಾಗಿತ್ತು.

ಈ ಶಾಸನದ ಲಿಪಿ, ಭಾಷೆ, ಧರ್ಮ, ಅರಸನ ನಾಮಧೇಯ ಇವುಗಳ ವಿಷಯವಾಗಿ ನೂರು ವರ್ಷಗಳಿಗೂ ಮಿಕ್ಕಿ ವಿಚಾರ ನಡೆದಿರುವುದು ವಿದಿತವಾಗಿಯೇ ಇದೆ. ಅರಸನ ಮಾತು ಅಷ್ಟು ದೂರದಿಂದ ಈ ಬಂಡೆಯವರೆಗೆ ಯಾವ ಕ್ರಮದಿಂದ ಬಂದು ಮುಟ್ಟಿತು ಎಂಬ ಪ್ರಶ್ನೆಯನ್ನು ಮಾತ್ರ ಈ ಕಾಲದ ಇನ್ನೊಂದು ವಿದ್ಯೆಯ ಬೆಳಕಿನಲ್ಲಿ ನೋಡಲು ಅವಕಾಶವಿದೆ. ಆ ವಿದ್ಯೆಯು ಗಣಕಜಾಲವಿದ್ಯೆ, ಎಂದರೆ ಕಂಪ್ಯೂಟರುಗಳನ್ನು ಪರಸ್ಪರ ಸಂಬಂಧಿಸಿ ಸಂದೇಶಗಳನ್ನು ಸಾಗಿಸುವ ಶಾಸ್ತ್ರ. ಸಿಂಧನೂರಿನ ಅಕ್ಕಿ ಗಿರಣಿಯವನು ಹಣ ಸಂದಾಯ ಮಾಡುವುದೂ, ಲಿಂಗಸುಗೂರಿನ ರೈತನು ಪಹಣಿ ಪಡೆಯುವುದೂ, ಮಸ್ಕಿಯ ವಿದ್ಯಾರ್ಥಿಯು ಪರೀಕ್ಷೆಯ ಫಲಿತಾಂಶವನ್ನು ನೋಡುವುದೂ ಇಂದು ಈ ಜಾಲದ ಮೂಲಕವೇ ಆಗಿದೆ.

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಸ್ವಾಭಾವಿಕವಾದುದಲ್ಲ, ಅದು ಸಮಯದಿಂದ ಉಂಟಾದುದು ಎಂದು ನೈಯಾಯಿಕರು ಹೇಳುವರು. ಸಮಯವೆಂದರೆ ಈ ಶಬ್ದದಿಂದ ಈ ಅರ್ಥವನ್ನು ತಿಳಿಯತಕ್ಕದ್ದು ಎಂಬ ಒಡಂಬಡಿಕೆ. ಗಣಕಜಾಲದವರು ಪ್ರೋಟೋಕಾಲ್ ಎಂದು ಕರೆಯುವುದು ಇದನ್ನೇ. ಸಂದೇಶವು ದೂರ ಹೋಗುವುದಕ್ಕೆ ತಂತಿಯಾಗಲಿ ಕುದುರೆಯಾಗಲಿ ಸಾಧನ ಮಾತ್ರ; ಮುಖ್ಯ ಕಾರಣವು ಕಳುಹಿಸುವವನೂ, ನಡುವೆ ಸಾಗಿಸುವವರೂ, ಪಡೆಯುವವನೂ ಒಪ್ಪಿಕೊಂಡ ಸಮಯ. ಈ ಅಂಶವನ್ನು ಮಸ್ಕಿ ಮತ್ತು ಅದರ ಸೋದರ ಶಾಸನಗಳ ಆಧಾರದಿಂದ ಸ್ಥಾಪಿಸುವುದು ಈ ಲೇಖನದ ಉದ್ದೇಶ.

೨. ಆಜ್ಞೆಯು ಬಂದ ಮಾರ್ಗ

ಮಸ್ಕಿಯ ಶಾಸನವು ಒಂಟಿಯಾದುದಲ್ಲ. ಇದೇ ಸಂದೇಶದ ಬೇರೆ ಪ್ರತಿಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಸ್ಥಳಗಳಲ್ಲಿವೆ. ಇವನ್ನು ಬಿ. ಎಲ್. ರೈಸ್ ಅವರು ೧೮೯೨ರ ಸುಮಾರಿನಲ್ಲಿ ಬೆಳಕಿಗೆ ತಂದರು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಪ್ರತಿಗಳು ೧೯೩೧ರಲ್ಲಿಯೂ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೊಳದ ಪ್ರತಿಗಳು ೧೯೭೦ರ ದಶಕದ ಉತ್ತರಾರ್ಧದಲ್ಲಿಯೂ ದೊರೆತವು. ತುಂಗಭದ್ರೆಯ ಆಚೆ ಕರ್ನೂಲು ಸೀಮೆಯ ಎರ್ರಗುಡಿಯಲ್ಲಿ ೧೯೨೯ರಲ್ಲಿ ದೊರೆತ ಪ್ರತಿಯು ಎಲ್ಲಕ್ಕಿಂತ ವಿಸ್ತಾರವಾಗಿದೆ.

ಇವುಗಳಲ್ಲಿ ಬ್ರಹ್ಮಗಿರಿ ಮತ್ತು ಸಿದ್ದಾಪುರದ ಪ್ರತಿಗಳ ಆರಂಭವು ವಿಚಾರಾರ್ಹವಾಗಿದೆ. ಅರಸನ ಮಾತು ಪ್ರಾರಂಭವಾಗುವುದಕ್ಕೆ ಮೊದಲು ಅಲ್ಲಿ ಒಂದು ಪೀಠಿಕೆ ಇರುವುದು. ಸುವರ್ಣಗಿರಿಯಿಂದ ಆರ್ಯಪುತ್ರನ ಮತ್ತು ಮಹಾಮಾತ್ರರ ವಚನದಂತೆ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಕೇಳಿ ಹೀಗೆ ಹೇಳತಕ್ಕದ್ದು ಎಂಬುದು ಅದರ ತಾತ್ಪರ್ಯ. ಎಂದರೆ ಚಕ್ರವರ್ತಿಯ ಆಜ್ಞೆಯು ನೇರವಾಗಿ ಇಸಿಲಕ್ಕೆ ಹೋಗಲಿಲ್ಲ. ಅದು ಮೊದಲು ದಕ್ಷಿಣ ಪ್ರಾಂತದ ರಾಜಧಾನಿಯಾದ ಸುವರ್ಣಗಿರಿಗೆ ಬಂದು, ಅಲ್ಲಿ ರಾಜಕುಮಾರನ ಕಾರ್ಯಾಲಯದಲ್ಲಿ ಹೊಸ ಮೇಲ್ವಿಳಾಸವನ್ನು ಹೊದ್ದು, ಇಸಿಲಕ್ಕೆ ಸಾಗಿತು. ಸುವರ್ಣಗಿರಿಯು ಮಸ್ಕಿಯೇ ಎಂದು ಕೆಲವರೂ, ಕನಕಗಿರಿ ಎಂದು ಕೆಲವರೂ, ಎರ್ರಗುಡಿಯ ಹತ್ತಿರದ ಜೊನ್ನಗಿರಿ ಎಂದು ಕೆಲವರೂ ಊಹಿಸಿರುವರು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನದ ಗಣಿ ನಡೆಯುತ್ತಿರುವುದರಿಂದ ಮೊದಲಿನ ಊಹೆಗಳಿಗೆ ಸ್ವಲ್ಪ ಬಲ ಬಂದಿದೆ. ನಿರ್ಣಯವು ಯಾವುದೇ ಆಗಲಿ, ಪ್ರಸ್ತುತ ವಿಚಾರಕ್ಕೆ ಬಾಧೆಯಿಲ್ಲ.

ಎರ್ರಗುಡಿಯ ಪ್ರತಿಯಿಂದ ಮುಂದಿನ ಮಾರ್ಗವೂ ತಿಳಿದುಬರುತ್ತದೆ. ಅದರಂತೆ ರಜ್ಜುಕನೆಂಬ ಅಧಿಕಾರಿಗೆ ಆಜ್ಞಾಪಿಸಬೇಕು. ಅವನು ಭೇರಿಯನ್ನು ಹೊಡೆಯಿಸಿ ಜನಪದಕ್ಕೂ, ರಾಷ್ಟ್ರಿಕರಿಗೂ ಆಜ್ಞಾಪಿಸಬೇಕು. ಹಾಗೆಯೇ ಆನೆಯ ಮಾವುತರು, ಕರಣಿಕರು, ಅಶ್ವರಥಾದಿಗಳ ಶಿಕ್ಷಕರು, ಬ್ರಾಹ್ಮಣರು ಇವರು ತಮ್ಮ ತಮ್ಮ ಶಿಷ್ಯವರ್ಗಕ್ಕೆ ತಿಳಿಸಬೇಕು. ಸಾರನಾಥದ ಸ್ತಂಭಶಾಸನವು ಇನ್ನೊಂದು ವಿವರವನ್ನು ಕೊಡುವುದು: ಒಂದು ಪ್ರತಿ ಅಧಿಕಾರಿಗಳ ಕಾರ್ಯಸ್ಥಾನದಲ್ಲಿಯೂ, ಒಂದು ಪ್ರತಿ ಉಪಾಸಕರ ಹತ್ತಿರವೂ ಇರಬೇಕು, ಅಧಿಕಾರವು ಎಷ್ಟು ದೂರ ವ್ಯಾಪಿಸಿದೆಯೋ ಅಷ್ಟು ದೂರಕ್ಕೂ ಈ ಲೇಖದಂತೆಯೇ ಕಳುಹಿಸಬೇಕು.

ಈ ವ್ಯವಸ್ಥೆಯಲ್ಲಿ ಸಾಗಣೆಯ ಎರಡು ವಿಧಗಳು ಸ್ಪಷ್ಟವಾಗಿವೆ. ಪಾಟಲೀಪುತ್ರದಿಂದ ಸುವರ್ಣಗಿರಿ, ಸುವರ್ಣಗಿರಿಯಿಂದ ಇಸಿಲ ಎಂಬುದು ಒಂದು. ಇಲ್ಲಿ ಸಂದೇಶವು ಒಬ್ಬನಿಂದ ಒಬ್ಬನಿಗೆ ಹೋಗುವುದು. ಭೇರಿಯು ಇನ್ನೊಂದು, ಅದರ ಧ್ವನಿಯು ಸುತ್ತಲಿದ್ದವರೆಲ್ಲರಿಗೂ ಒಮ್ಮೆಗೇ ಕೇಳಿಸುವುದು. ಶಬ್ದವು ಕಿವಿಯನ್ನು ಮುಟ್ಟುವ ಬಗೆಯನ್ನು ಹೇಳುವಾಗ ತರ್ಕಶಾಸ್ತ್ರಜ್ಞರು ವೀಚೀತರಂಗನ್ಯಾಯವೆಂದೂ ಕದಂಬಮುಕುಲನ್ಯಾಯವೆಂದೂ ಎರಡು ನ್ಯಾಯಗಳನ್ನು ಹೇಳುವರು. ಒಂದು ತೆರೆಯು ಮತ್ತೊಂದು ತೆರೆಯನ್ನು ಹುಟ್ಟಿಸುತ್ತ ಸಾಗುವಂತೆ ಎಂಬುದು ಮೊದಲನೆಯದು. ಕದಂಬದ ಮೊಗ್ಗು ಎಲ್ಲ ದಿಕ್ಕಿಗೂ ಒಮ್ಮೆಗೇ ಅರಳುವಂತೆ ಎಂಬುದು ಎರಡನೆಯದು. ಈ ದೃಷ್ಟಾಂತಗಳನ್ನು ಇಲ್ಲಿ ಎರವಲು ಪಡೆದರೆ ಮುಂದೆ ಹೇಳುವ ಗಣಕಜಾಲದ ವಿಷಯವು ಸುಲಭವಾಗಿ ತಿಳಿಯುವುದು.

೩. ಗಣಕಜಾಲದ ಸ್ವರೂಪ

ಹಿಂದಿನ ದೂರವಾಣಿಯಲ್ಲಿ ಇಬ್ಬರು ಮಾತನಾಡುವಷ್ಟು ಹೊತ್ತೂ ಅವರಿಬ್ಬರ ನಡುವಿನ ಮಾರ್ಗವು ಅವರಿಗೇ ಮೀಸಲಾಗಿರುತ್ತಿತ್ತು. ಅವರು ಸುಮ್ಮನಿದ್ದರೂ ಆ ಮಾರ್ಗವು ಬೇರೆಯವರಿಗೆ ಉಪಯೋಗವಾಗುತ್ತಿರಲಿಲ್ಲ. ೧೯೬೦ರ ದಶಕದಲ್ಲಿ ಅಮೆರಿಕದ ಪಾಲ್ ಬಾರಾನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಎಂಬ ಪಂಡಿತರು ಪರಸ್ಪರ ಅರಿಯದೆಯೇ ಬೇರೊಂದು ಕ್ರಮವನ್ನು ಕಲ್ಪಿಸಿದರು. ಅದರಲ್ಲಿ ಸಂದೇಶವನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಭಾಗಿಸಿ, ಪ್ರತಿಯೊಂದರ ಮೇಲೂ ವಿಳಾಸವನ್ನು ಬರೆದು, ಒಂದೇ ಮಾರ್ಗದಲ್ಲಿ ಅನೇಕರ ತುಂಡುಗಳನ್ನು ಬೆರಸಿ ಸಾಗಿಸುವರು. ಈ ತುಂಡಿಗೆ ಪ್ಯಾಕೆಟ್ ಎಂದು ಹೆಸರು. ೧೯೬೯ನೆಯ ಇಸವಿ ಅಕ್ಟೋಬರ್ ೨೯ರಂದು ಅರ್ಪಾನೆಟ್ ಎಂಬ ಜಾಲದಲ್ಲಿ, ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಗೆ ಪ್ರಥಮ ಸಂದೇಶವು ಹೋಯಿತು. ಲಾಗಿನ್ ಎಂಬ ಪದದ ಮೊದಲ ಎರಡು ಅಕ್ಷರಗಳು ಮುಟ್ಟುವಷ್ಟರಲ್ಲಿ ಯಂತ್ರವು ಕೆಟ್ಟು ನಿಂತಿತು ಎಂಬುದು ಪ್ರಸಿದ್ಧವಾಗಿದೆ. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಅವರು ೧೯೭೪ರಲ್ಲಿ ಪ್ರತಿಪಾದಿಸಿದ ಸಮಯವನ್ನು ಪರಿಷ್ಕರಿಸಿ, ೧೯೮೩ರ ಜನವರಿ ೧ರಿಂದ ಆ ಜಾಲದಲ್ಲೆಲ್ಲ ಜಾರಿಗೆ ತಂದರು. ಭಿನ್ನಭಿನ್ನ ಜಾಲಗಳನ್ನು ಒಂದಾಗಿ ಹೆಣೆದ ಇಂಟರ್ನೆಟ್ಟಿಗೆ ಇದೇ ಆಧಾರ. ಭಾರತದಲ್ಲಿ ೧೯೮೬ರಲ್ಲಿ ಅರ್ನೆಟ್ ಎಂಬ ವಿದ್ಯಾಜಾಲವು ಪ್ರಾರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅದರ ಆದ್ಯ ಸಂಸ್ಥೆಗಳಲ್ಲಿ ಒಂದು. ಸಾಮಾನ್ಯ ಜನರಿಗೆ ಇಂಟರ್ನೆಟ್ಟು ದೊರೆತುದು ೧೯೯೫ರ ಆಗಸ್ಟ್ ೧೫ರಂದು.

ಪ್ಯಾಕೆಟ್ಟಿನಲ್ಲಿ ಎರಡು ಭಾಗಗಳುಂಟು: ಮುಂದಿನದು ಶಿರೋಲೇಖ, ಹಿಂದಿನದು ಒಡಲು. ಶಿರೋಲೇಖವು ಕನಿಷ್ಠ ಪಕ್ಷ ೨೦ ಬೈಟುಗಳಷ್ಟಿದ್ದು, ಕಳುಹಿಸಿದವನ ಸಂಖ್ಯಾವಿಳಾಸ, ಪಡೆಯುವವನ ಸಂಖ್ಯಾವಿಳಾಸ, ಒಟ್ಟು ಉದ್ದ ಮೊದಲಾದುವನ್ನು ಹೇಳುವುದು. ಸಾಮಾನ್ಯವಾಗಿ ಪ್ಯಾಕೆಟ್ಟಿನ ಪರಿಮಿತಿ ೧೫೦೦ ಬೈಟುಗಳು. ಕನ್ನಡದ ಒಂದೊಂದು ವರ್ಣಚಿಹ್ನೆಗೆ ೩ ಬೈಟುಗಳು ಬೇಕಾಗುವುದರಿಂದ, ಒಂದು ಪ್ಯಾಕೆಟ್ಟಿನಲ್ಲಿ ೫೦೦ಕ್ಕಿಂತ ಕಡಮೆ ಚಿಹ್ನೆಗಳು ಹಿಡಿಯುವುವು. ಇಂತಹ ಒಂದು ಪುಟದ ಲೇಖನವು ಹಲವು ಪ್ಯಾಕೆಟ್ಟುಗಳಾಗಿ ಹೊರಟು, ಒಂದೊಂದು ಒಂದೊಂದು ದಾರಿಯಿಂದ ಹೋದರೂ ಹೋಗಬಹುದು. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇರುವುದರಿಂದ ಪಡೆಯುವವನ ಯಂತ್ರವು ಅವನ್ನು ಪುನಃ ಜೋಡಿಸಿಕೊಳ್ಳುವುದು.

ದಾರಿಯಲ್ಲಿ ರೂಟರ್ ಎಂಬ ಯಂತ್ರಗಳಿರುವುವು. ಒಂದೊಂದು ರೂಟರಿಗೂ ಲೋಕದ ಎಲ್ಲ ಮಾರ್ಗಗಳೂ ತಿಳಿದಿರಬೇಕಾದುದಿಲ್ಲ. ಈ ವಿಳಾಸಕ್ಕೆ ಹೋಗತಕ್ಕದ್ದನ್ನು ಮುಂದೆ ಯಾರ ಕೈಗೆ ಕೊಡಬೇಕು ಎಂಬುದೊಂದು ತಿಳಿದಿದ್ದರೆ ಸಾಕು. ಸುವರ್ಣಗಿರಿಯ ಆರ್ಯಪುತ್ರನಿಗೆ ಇಸಿಲದ ಗೊತ್ತು ಇದ್ದಿತು. ಇಸಿಲದ ಆಚೆಯ ಹಳ್ಳಿಗಳ ಗೊತ್ತು ಇಸಿಲದವರಿಗಿದ್ದಿತು. ಇದು ವೀಚೀತರಂಗನ್ಯಾಯ. ಇನ್ನು ಪ್ಯಾಕೆಟ್ಟು ಕೊನೆಯ ರೂಟರನ್ನು ಮುಟ್ಟಿದ ಮೇಲೆ, ಉದಾಹರಣೆಗೆ ಲಿಂಗಸುಗೂರಿನ ಒಂದು ಕಚೇರಿಯೊಳಗೆ, ಈ ವಿಳಾಸವು ಯಾರದು ಎಂದು ಆ ರೂಟರು ಅಲ್ಲಿರುವ ಎಲ್ಲ ಯಂತ್ರಗಳನ್ನೂ ಒಮ್ಮೆಗೇ ಕೂಗಿ ಕೇಳುವುದು. ಎಲ್ಲವೂ ಕೇಳಿಸಿಕೊಂಡರೂ, ಯಾವುದರ ವಿಳಾಸವೋ ಅದೊಂದು ಮಾತ್ರ ತನ್ನ ೪೮ ಬಿಟ್ಟಿನ ಯಂತ್ರಸಂಖ್ಯೆಯನ್ನು ಹೇಳಿ ಉತ್ತರಿಸುವುದು. ಇದು ರಜ್ಜುಕನ ಭೇರಿಯ ಬಗೆ, ಕದಂಬಮುಕುಲನ್ಯಾಯ. ಭೇರಿಯು ಒಂದು ಊರಿಗೆ ಸಾಕು, ದೇಶಕ್ಕೆಲ್ಲ ಸಾಲದು; ಅದರಂತೆ ಈ ಕೂಗೂ ರೂಟರನ್ನು ದಾಟಿ ಹೊರಗೆ ಹೋಗದು.

ಪ್ರತಿ ಹಂತದಲ್ಲಿಯೂ ಹೊಸ ಹೊದಿಕೆಯನ್ನು ಹಾಕುವುದು, ಮುಂದಿನವನು ಆ ಹೊದಿಕೆಯನ್ನು ತೆಗೆದು ಒಳಗಿನದನ್ನು ಮಾತ್ರ ಮುಂದಕ್ಕೆ ಕೊಡುವುದು ಜಾಲದ ನಿಯಮ. ಈ ನಿಯಮವನ್ನು ಮನಸ್ಸಿನಲ್ಲಿಟ್ಟು ನೋಡಿದರೆ ಬ್ರಹ್ಮಗಿರಿಯ ವಿಶೇಷವು ತಿಳಿಯುವುದು. ಅಲ್ಲಿಯ ಲಿಪಿಕಾರನು ಹೊದಿಕೆಯನ್ನು ತೆಗೆಯಲಿಲ್ಲ. ಅಧಿಕಾರಿಗಳ ನಡುವಣ ಮೇಲ್ವಿಳಾಸವನ್ನೂ ಕುಶಲಪ್ರಶ್ನೆಯನ್ನೂ ಅರಸನ ಮಾತಿನೊಡನೆ ಬಂಡೆಯ ಮೇಲೆ ಕೊರೆದನು. ಮಸ್ಕಿಯಲ್ಲಿ ಹಾಗಾಗಲಿಲ್ಲ, ಇಲ್ಲಿ ಹೊದಿಕೆಯು ಉಳಿಯದೆ, ಬರವಣಿಗೆಯು ಅರಸನ ನಾಮದಿಂದಲೇ ಪ್ರಾರಂಭವಾಗುವುದು. ಶಾಸ್ತ್ರದಂತೆ ಮಸ್ಕಿಯ ಕ್ರಮವು ಸರಿ, ಬ್ರಹ್ಮಗಿರಿಯದು ತಪ್ಪು. ಆದರೆ ಆ ತಪ್ಪಿನಿಂದಲೇ ಸುವರ್ಣಗಿರಿ, ಇಸಿಲ ಎಂಬ ಹೆಸರುಗಳು ಉಳಿದು ಬಂದು, ದಕ್ಷಿಣದಲ್ಲಿ ಮೌರ್ಯರ ಆಡಳಿತವು ಹೇಗಿದ್ದಿತೆಂಬುದು ಇತಿಹಾಸಕ್ಕೆ ದಕ್ಕಿತು.

೪. ನಾಮ ಮತ್ತು ವಿಳಾಸ

ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ೧೮೩೭ರಲ್ಲಿ ಬ್ರಾಹ್ಮೀಲಿಪಿಯನ್ನು ಓದಿದಾಗ, ಶಾಸನಗಳಲ್ಲೆಲ್ಲ ದೇವಾನಂಪಿಯ ಪಿಯದಸಿ ಎಂಬ ಬಿರುದು ಕಂಡಿತೇ ಹೊರತು ಅರಸನ ಹೆಸರು ಕಾಣಲಿಲ್ಲ. ಇವನು ಸಿಂಹಳದ ದೇವಾನಂಪಿಯ ತಿಸ್ಸನಿರಬಹುದೆಂದು ಅವನು ಮೊದಲು ಭಾವಿಸಿದನು. ಸಿಂಹಳದಲ್ಲಿದ್ದ ಟರ್ನರ್ ಎಂಬವನು ದೀಪವಂಶದಲ್ಲಿ ಪಿಯದಸ್ಸಿ ಎಂಬುದು ಅಶೋಕನ ಹೆಸರೇ ಎಂದು ಇರುವುದನ್ನು ತೋರಿಸಿದ ಮೇಲೆ ಆ ಊಹೆಯನ್ನು ಬಿಟ್ಟನು. ಆದರೂ ಅರಸನ ಶಾಸನದಿಂದಲೇ ದೊರೆಯಬೇಕಾದ ಪ್ರಮಾಣವು ದೊರೆತಿರಲಿಲ್ಲ. ಮಸ್ಕಿಯ ಬಂಡೆಯ ಮೇಲೆ ದೇವಾನಂಪಿಯ ಎಂಬುದರ ಒತ್ತಿನಲ್ಲಿಯೇ ಅಶೋಕ ಎಂಬ ನಾಮವು ಕಂಡುಬಂದುದರಿಂದ, ಸುಮಾರು ೮೦ ವರ್ಷಗಳ ಮೇಲೆ ಆ ಸಂಶಯವು ನಿವೃತ್ತವಾಯಿತು. ಮುಂದೆ ಮಧ್ಯಪ್ರದೇಶದ ಗುಜರಾದಲ್ಲಿಯೂ, ನಿಟ್ಟೂರು ಮತ್ತು ಉದೇಗೊಳದಲ್ಲಿಯೂ ಆ ನಾಮವು ದೊರೆತಿರುವುದು.

ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ದೇವಾನಾಂಪ್ರಿಯ ಎಂಬ ಅಲುಕ್ಸಮಾಸಕ್ಕೆ ಅರ್ವಾಚೀನ ವೈಯಾಕರಣರು ಮೂರ್ಖನೆಂಬ ಅರ್ಥವನ್ನು ಹೇಳಿರುವರು. ಚಕ್ರವರ್ತಿಯ ಬಿರುದೇ ಕಾಲಾಂತರದಲ್ಲಿ ನಿಂದಾವಾಚಕವಾಯಿತು. ಒಂದೇ ಶಬ್ದವು ಸಮಯವು ಬದಲಾದಾಗ ಬೇರೆ ಅರ್ಥಕ್ಕೆ ಹೋಗಿ ಮುಟ್ಟುವುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ದುರ್ಲಭ.

ಗಣಕಜಾಲದಲ್ಲಿಯೂ ನಾಮ ಬೇರೆ, ವಿಳಾಸ ಬೇರೆ. ಯಂತ್ರಗಳಿಗೆ ಸಂಖ್ಯೆಯೇ ವಿಳಾಸ. ಮನುಷ್ಯರಿಗೆ ಸಂಖ್ಯೆಯು ನೆನಪಿನಲ್ಲಿ ಉಳಿಯದು, ಹೆಸರೇ ಬೇಕು. ಮೊದಲಿಗೆ ಯಾವ ಹೆಸರಿಗೆ ಯಾವ ಸಂಖ್ಯೆ ಎಂಬ ಪಟ್ಟಿಯೊಂದನ್ನು ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಇಟ್ಟಿದ್ದರು. ಎಲ್ಲರೂ ಅದರ ಪ್ರತಿಯನ್ನು ತರಿಸಿಕೊಳ್ಳಬೇಕಾಗಿತ್ತು. ಯಂತ್ರಗಳು ಹೆಚ್ಚಿದಂತೆ ಆ ಪಟ್ಟಿಯು ನಿರ್ವಾಹಕ್ಕೆ ಮೀರಿತು. ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಡಿಎನ್ಎಸ್ ಎಂಬ ನಾಮವ್ಯವಸ್ಥೆಯನ್ನು ರಚಿಸಿದರು. ಅದರಲ್ಲಿ ಪಟ್ಟಿಯು ಒಂದೇ ಕಡೆ ಇರದೆ, ಮೂಲ, ಶಾಖೆ, ಉಪಶಾಖೆ ಎಂಬ ಕ್ರಮದಿಂದ ಹಂಚಿಹೋಗಿದೆ; ಆಯಾ ಶಾಖೆಯ ಹೆಸರುಗಳಿಗೆ ಆಯಾ ಶಾಖೆಯವರೇ ಹೊಣೆಗಾರರು. ಈಗ ಕನ್ನಡ ಲಿಪಿಯಲ್ಲಿ ಬರೆದ ಭಾರತ ಎಂಬ ಶಾಖಾನಾಮವೂ ಅದರಲ್ಲಿ ಸೇರಿದೆ. ಹೆಸರನ್ನು ಕೊಟ್ಟರೆ ಸಂಖ್ಯೆಯನ್ನು ತಿಳಿಸುವ ಈ ವ್ಯವಸ್ಥೆಯು ಇಲ್ಲದಿದ್ದರೆ, ಬಿರುದನ್ನು ಹಿಡಿದು ಸಿಂಹಳಕ್ಕೆ ಹೋದ ಪ್ರಿನ್ಸೆಪನ ಗತಿಯೇ ಎಲ್ಲರಿಗೂ ಆಗುತ್ತಿತ್ತು. ಬಿರುದಿಗೂ ನಾಮಕ್ಕೂ ಗಂಟುಹಾಕಿ ಮಸ್ಕಿಯ ಬಂಡೆಯು ಮಾಡಿದ ಉಪಕಾರವು ಈ ಜಾತಿಯದು.

ವಿಳಾಸಗಳ ಸಂಖ್ಯೆಯ ವಿಷಯವಾಗಿಯೂ ಒಂದು ಮಾತು ಹೇಳಬೇಕಾಗಿದೆ. ಮೊದಲು ಗೊತ್ತುಪಡಿಸಿದ ವಿಳಾಸವು ೩೨ ಬಿಟ್ಟಿನದು. ಅದರಿಂದ ಸುಮಾರು ೪೨೯ ಕೋಟಿ ವಿಳಾಸಗಳು ಮಾತ್ರ ಆಗುವುವು. ೨೦೧೧ರಲ್ಲಿ ಕೇಂದ್ರ ಭಂಡಾರದಲ್ಲಿದ್ದ ವಿಳಾಸಗಳು ಮುಗಿದುಹೋದುವು. ೧೨೮ ಬಿಟ್ಟಿನ ಹೊಸ ವಿಳಾಸಕ್ರಮವು ಈಗ ಹಳೆಯದರೊಡನೆ ನಡೆಯುತ್ತಿದೆ.

೫. ದೋಷವೂ ಪರಿಹಾರವೂ

ದೂರ ಸಾಗುವ ಸಂದೇಶವು ಕೆಡದೆ ಇರುವುದೇ ಅಪೂರ್ವ. ಅಶೋಕನು ತನ್ನ ೧೪ನೆಯ ಶಿಲಾಶಾಸನದಲ್ಲಿ, ತನ್ನ ಧರ್ಮಲಿಪಿಗಳು ಕೆಲವು ಸಂಕ್ಷಿಪ್ತ, ಕೆಲವು ಮಧ್ಯಮ, ಕೆಲವು ವಿಸ್ತೃತವಾಗಿವೆಯೆಂದೂ, ಎಲ್ಲಿಯಾದರೂ ಅಸಮಗ್ರವಾಗಿದ್ದರೆ ಅದು ಸ್ಥಳದ ಕಾರಣದಿಂದಲೋ ಲಿಪಿಕಾರನ ಅಪರಾಧದಿಂದಲೋ ಆದುದೆಂದೂ ತಾನೇ ಹೇಳಿರುವನು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಕಲ್ಲಿನಲ್ಲಿ ಈ ಶಾಸನದ ಭಾಗವೂ ಇದೆ. ದಾರಿಯಲ್ಲಿ ದೋಷವು ಬರುವುದೆಂದು ಅರಸನು ಒಪ್ಪಿಕೊಂಡಿದ್ದನು; ಆದರೆ ಆ ದೋಷವನ್ನು ಕಂಡುಹಿಡಿಯುವ ಉಪಾಯವು ಅವನ ಶಾಸನಗಳಲ್ಲಿ ಕಾಣುವುದಿಲ್ಲ.

ಈ ದೇಶದಲ್ಲಿ ಅಂತಹ ಉಪಾಯವಿದ್ದುದು ವೇದಪಾಠಕರಲ್ಲಿ. ಪದ, ಕ್ರಮ, ಜಟಾ, ಘನ ಎಂಬ ಪಾಠಕ್ರಮಗಳಲ್ಲಿ ಒಂದೇ ಪದವನ್ನು ಹಿಂದುಮುಂದಾಗಿ ಅನೇಕಾವರ್ತಿ ಹೇಳುವುದರಿಂದ, ಒಂದು ಸ್ವರ ತಪ್ಪಿದರೂ ಮತ್ತೊಂದು ಕಡೆಯಲ್ಲಿ ಅದು ಹೊರಪಡುವುದು. ಗಣಕಜಾಲದಲ್ಲಿ ಇದೇ ಪ್ರಯೋಜನಕ್ಕಾಗಿ ಪ್ಯಾಕೆಟ್ಟಿನ ಅಂಕಿಗಳನ್ನೆಲ್ಲ ಒಂದು ನಿಯಮದಂತೆ ಕೂಡಿಸಿ ಬಂದ ಮೊತ್ತವನ್ನು ಅದರಲ್ಲಿಯೇ ಬರೆದಿಡುವರು. ಪಡೆಯುವವನು ತಾನೂ ಕೂಡಿಸಿ ನೋಡಿ, ಮೊತ್ತವು ತಾಳೆಯಾಗದಿದ್ದರೆ ಆ ಪ್ಯಾಕೆಟ್ಟನ್ನು ಎಸೆಯುವನು. ಸರಿಯಾಗಿ ಮುಟ್ಟಿದುದಕ್ಕೆ ಸ್ವೀಕೃತಿಯನ್ನು ಕಳುಹಿಸುವನು. ನಿಯತ ಕಾಲದಲ್ಲಿ ಸ್ವೀಕೃತಿಯು ಬರದಿದ್ದರೆ ಕಳುಹಿಸಿದವನು ಅದನ್ನೇ ಮತ್ತೊಮ್ಮೆ ಕಳುಹಿಸುವನು. ವಿಳಾಸ ತಪ್ಪಿದ ಪ್ಯಾಕೆಟ್ಟು ದಾರಿಗಳಲ್ಲಿ ಅನಂತಕಾಲ ಸುತ್ತದಂತೆ ಅದಕ್ಕೆ ಒಂದು ಆಯುಸ್ಸಂಖ್ಯೆಯನ್ನೂ ಕೊಟ್ಟಿರುವರು. ಒಂದೊಂದು ರೂಟರನ್ನು ದಾಟಿದಾಗಲೂ ಆ ಸಂಖ್ಯೆಯಲ್ಲಿ ಒಂದು ಕಳೆಯುವುದು. ಶೂನ್ಯವಾದೊಡನೆ ಪ್ಯಾಕೆಟ್ಟು ನಾಶವಾಗುವುದು.

ಓದುವ ದಿಕ್ಕೂ ಒಂದು ಸಮಯವೇ ಆಗಿದೆ. ಎರ್ರಗುಡಿಯ ಲಘುಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ, ಕೆಲವು ಬಲದಿಂದ ಎಡಕ್ಕೂ ಸಾಗಿವೆ. ಇದರಿಂದ ಓದುವವರಿಗೆ ಬಹಳ ಕ್ಲೇಶವಾಯಿತು. ಬ್ರಹ್ಮಗಿರಿಯ ಲಿಪಿಕಾರನಾದ ಚಪಡನು ಕೊನೆಯಲ್ಲಿ ತನ್ನ ವೃತ್ತಿಯನ್ನು ಹೇಳುವ ಪದವನ್ನು ಬಲದಿಂದ ಎಡಕ್ಕೆ ಓದುವ ಖರೋಷ್ಠೀಲಿಪಿಯಲ್ಲಿ ಬರೆದಿರುವನು. ಕಂಪ್ಯೂಟರುಗಳಲ್ಲಿಯೂ ಇದೇ ವಿವಾದವು ಹುಟ್ಟಿತು. ಒಂದು ಸಂಖ್ಯೆಯ ದೊಡ್ಡ ಸ್ಥಾನದ ಬೈಟನ್ನು ಮೊದಲು ಇಡುವ ಯಂತ್ರಗಳೂ, ಸಣ್ಣ ಸ್ಥಾನದ ಬೈಟನ್ನು ಮೊದಲು ಇಡುವ ಯಂತ್ರಗಳೂ ಇವೆ. ಇವೆರಡರಲ್ಲಿ ಯಾವುದೂ ಸ್ವತಃ ತಪ್ಪಲ್ಲ. ಆದರೆ ಜಾಲದ ಮೇಲೆ ಶಿರೋಲೇಖದ ಸಂಖ್ಯೆಗಳು ಹೋಗುವಾಗ ದೊಡ್ಡ ಸ್ಥಾನವೇ ಮೊದಲು ಹೋಗತಕ್ಕದ್ದು ಎಂದು ಎಲ್ಲರೂ ಒಪ್ಪಿಕೊಂಡಿರುವರು. ಮನೆಯೊಳಗೆ ಹೇಗಾದರೂ ಇರಲಿ, ಬೀದಿಗೆ ಬಂದಾಗ ಒಂದೇ ಕ್ರಮ ಎಂಬುದು ಇದರ ಸಾರ.

೬. ದಟ್ಟಣೆ

ಜಾಲದ ಇನ್ನೊಂದು ದೋಷವು ದಟ್ಟಣೆ. ಇದನ್ನು ತಿಳಿಯುವುದಕ್ಕೆ ಸಿಂಧನೂರು ಸೀಮೆಯ ಜನರಿಗೆ ಗ್ರಂಥವು ಬೇಕಾಗಿಲ್ಲ. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯು ಗಂಗಾವತಿಯ ಕಡೆಯಿಂದ ಸಿಂಧನೂರು, ಮಾನ್ವಿಗಳ ಮೂಲಕ ರಾಯಚೂರಿನತ್ತ ಸಾಗುವುದು. ಮುಖ್ಯ ಕಾಲುವೆಯಿಂದ ಉಪಕಾಲುವೆ, ಉಪಕಾಲುವೆಯಿಂದ ಹೊಲಗಾಲುವೆ ಎಂದು ನೀರು ಕವಲೊಡೆದು ಹರಿಯುವುದು. ಈ ಕಾಲುವೆಯನ್ನು ಹೆಚ್ಚಾಗಿ ಮಿತನೀರಿನ ಬೆಳೆಗಳಿಗೆಂದು ಯೋಜಿಸಿದ್ದರೂ, ಮೇಲ್ಭಾಗದಲ್ಲಿ ಬತ್ತದ ಬೆಳೆಯು ಹೆಚ್ಚಿ, ಕೊನೆಯ ಭಾಗದ ಹೊಲಗಳಿಗೆ ನೀರು ಮುಟ್ಟದೆಂಬ ದೂರು ಬಹುಕಾಲದಿಂದ ಇದೆ. ತೂಬಿನ ಹತ್ತಿರವಿದ್ದವನು ತನಗೆ ಸಾಧ್ಯವಾದಷ್ಟನ್ನು ಎಳೆದುಕೊಂಡರೆ ಕೊನೆಯವನ ಹೊಲವು ಒಣಗುವುದು.

೧೯೮೬ನೆಯ ಇಸವಿಯ ಅಕ್ಟೋಬರಿನಲ್ಲಿ ಇಂಟರ್ನೆಟ್ಟಿಗೆ ಇಂತಹುದೇ ಅವಸ್ಥೆ ಒದಗಿತು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಗೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ಅಂತರವು ಸುಮಾರು ೪೦೦ ಗಜ ಮಾತ್ರ. ಆ ನಡುವೆ ಸೆಕೆಂಡಿಗೆ ೩೨,೦೦೦ ಬಿಟ್ಟುಗಳಂತೆ ಸಾಗುತ್ತಿದ್ದುದು ೪೦ ಬಿಟ್ಟುಗಳಿಗೆ ಇಳಿಯಿತು. ದಾರಿಯು ತುಂಬಿ ಸ್ವೀಕೃತಿಯು ತಡವಾದಾಗ ಎಲ್ಲ ಯಂತ್ರಗಳೂ ಅದೇ ಪ್ಯಾಕೆಟ್ಟುಗಳನ್ನು ಮತ್ತೆ ಮತ್ತೆ ಕಳುಹಿಸಿ, ತುಂಬಿದ ದಾರಿಯನ್ನು ಇನ್ನಷ್ಟು ತುಂಬಿಸಿದುವು. ವ್ಯಾನ್ ಜೇಕಬ್ಸನ್ ಎಂಬವರು ೧೯೮೮ರಲ್ಲಿ ಇದರ ಪರಿಹಾರವನ್ನು ಪ್ರಕಟಿಸಿದರು. ಪ್ರತಿ ಯಂತ್ರವೂ ಮೊದಲು ಸ್ವಲ್ಪವನ್ನು ಕಳುಹಿಸಿ, ಸ್ವೀಕೃತ ಬಂದಂತೆ ಹೆಚ್ಚಿಸುತ್ತ ಹೋಗಬೇಕು. ಪ್ಯಾಕೆಟ್ಟು ನಷ್ಟವಾದುದು ತಿಳಿದೊಡನೆ ತಾನಾಗಿಯೇ ತಗ್ಗಿಸಿಕೊಳ್ಳಬೇಕು. ಇದನ್ನು ಬಲಾತ್ಕಾರದಿಂದ ಮಾಡಿಸುವ ಅಧಿಕಾರಿ ಯಾರೂ ಇಲ್ಲ. ಎಲ್ಲರೂ ಆ ಸಮಯವನ್ನು ಪಾಲಿಸುವುದರಿಂದ ಮಾತ್ರ ಕೊನೆಯವನಿಗೂ ಪಾಲು ದೊರೆಯುವುದು. ಕಾಲುವೆಯಲ್ಲಿ ಇನ್ನೂ ಸಾಧಿಸದಿರುವುದನ್ನು ಜಾಲದಲ್ಲಿ ಬಹುಮಟ್ಟಿಗೆ ಸಾಧಿಸಿರುವರು.

೭. ಪೂರ್ವಪಕ್ಷವೂ ಸಮಾಧಾನವೂ

ಇಲ್ಲಿ ಒಂದು ಆಕ್ಷೇಪವು ಬರಬಹುದು. ಓಲೆಕಾರನೂ ಭೇರಿಯೂ ಎಲ್ಲಿ, ಬೆಳಕಿನ ಎಳೆಯಲ್ಲಿ ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರಿನಂತೆ ಓಡುವ ಪ್ಯಾಕೆಟ್ಟು ಎಲ್ಲಿ? ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂಬ ಹೆಮ್ಮೆಗಾಗಿ ಇದನ್ನು ಹೇಳಿದಂತಾಗದೆ? ಈ ಆಕ್ಷೇಪದಲ್ಲಿ ಹುರುಳಿದೆ. ಮೌರ್ಯರಿಗೆ ಗಣಕಜಾಲವು ತಿಳಿದಿರಲಿಲ್ಲ. ಗಣಕಜಾಲವನ್ನು ನಿರ್ಮಿಸಿದವರು ಮಸ್ಕಿಯ ಶಾಸನದಿಂದ ಏನನ್ನೂ ಕಲಿತವರಲ್ಲ. ಇವುಗಳಿಗೆ ಕಾರ್ಯಕಾರಣಭಾವವಿಲ್ಲ; ಇರುವುದು ಸಾದೃಶ್ಯ ಮಾತ್ರ. ದೂರಕ್ಕೆ ಮಾತನ್ನು ಕಳುಹಿಸಬೇಕೆಂಬ ಪ್ರಯೋಜನವು ಒಂದೇ ಆದುದರಿಂದ, ವಿಳಾಸ, ಹೊದಿಕೆ, ಮಧ್ಯಸ್ಥ, ಪ್ರತಿ, ದೋಷ ಎಂಬ ಅಂಗಗಳು ಎರಡರಲ್ಲಿಯೂ ಕಾಣಿಸಿಕೊಂಡುವು.

ಭೇದಗಳನ್ನೂ ಹೇಳತಕ್ಕದ್ದೇ. ಅಶೋಕನ ಜಾಲವು ಏಕಮುಖವಾದುದು. ಅರಸನ ಮಾತು ಕೆಳಗಿಳಿಯಿತು, ಪ್ರಜೆಯ ಮಾತು ಅದೇ ದಾರಿಯಲ್ಲಿ ಮೇಲೇರಿದುದಕ್ಕೆ ಈ ಬಂಡೆಗಳಲ್ಲಿ ಸಾಕ್ಷ್ಯವಿಲ್ಲ. ಅಲ್ಲಿ ಮಧ್ಯಸ್ಥನು ಒಳಗಿನ ಮಾತನ್ನು ಓದಿಯೇ ಮುಂದಕ್ಕೆ ಹೇಳುವನು. ಇಲ್ಲಿ ರೂಟರಿಗೆ ಶಿರೋಲೇಖವೊಂದೇ ಸಾಕು. ಒಡಲನ್ನು ಗೂಢಲಿಪಿಯಲ್ಲಿ ಮುಚ್ಚಿದರೂ ಸಾಗಣೆಗೆ ತೊಂದರೆಯಿಲ್ಲ, ಹಣದ ವ್ಯವಹಾರಗಳಲ್ಲಿ ಹಾಗೆ ಮುಚ್ಚುವುದು ವಾಡಿಕೆಯಾಗಿದೆ. ಮೂರನೆಯ ಭೇದವು ಇವುಗಳಿಗಿಂತ ಮುಖ್ಯವಾದುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶಾಸನಾಧಿಕಾರವೆಂಬ ಪ್ರಕರಣವಿದೆ. ಅದರಂತೆ ಅರಸನಿಗೆ ಬರೆಯುವ ಲೇಖದಲ್ಲಿ ದೇಶ, ಐಶ್ವರ್ಯ, ವಂಶ, ನಾಮ ಇವನ್ನೆಲ್ಲ ಹೇಳಬೇಕು; ಅರಸನಲ್ಲದವನಿಗೆ ದೇಶ ಮತ್ತು ನಾಮ ಇಷ್ಟೇ ಸಾಕು. ಗಣಕಜಾಲದ ಶಿರೋಲೇಖದಲ್ಲಿ ಐಶ್ವರ್ಯಕ್ಕೂ ವಂಶಕ್ಕೂ ಸ್ಥಾನವಿಲ್ಲ. ಮಂತ್ರಿಯ ಪ್ಯಾಕೆಟ್ಟೂ ಕೂಲಿಯವನ ಪ್ಯಾಕೆಟ್ಟೂ ಒಂದೇ ಆಕಾರದ ಸಂಖ್ಯೆಯನ್ನು ಹೊತ್ತು ಹೋಗುವುವು.

೮. ಉಪಸಂಹಾರ

ಮಸ್ಕಿಯ ಶಾಸನದ ಅಭಿಪ್ರಾಯವನ್ನು ಇಲ್ಲಿ ನೆನೆಯುವುದು ಉಚಿತ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೆ ಮಿಕ್ಕಿತೆಂದೂ, ಸಂಘವನ್ನು ಸೇರಿ ಪ್ರಯತ್ನಪಟ್ಟುದರ ಫಲವು ಕಂಡುಬಂದಿದೆಯೆಂದೂ ಹೇಳಿ, ಆ ಫಲವು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಸಣ್ಣವನೂ ಅದನ್ನು ಪಡೆಯಬಲ್ಲನು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳತಕ್ಕದ್ದು ಎಂದು ಅರಸನು ಆಜ್ಞಾಪಿಸಿರುವನು. ಆಜ್ಞೆಯನ್ನು ಅಷ್ಟು ಬಂಡೆಗಳ ಮೇಲೆ ಕೊರೆಸಿ, ಭೇರಿಯಿಂದ ಸಾರಿಸಿದುದು ಆ ಸಣ್ಣವನನ್ನು ಮುಟ್ಟುವುದಕ್ಕಾಗಿಯೇ ಸರಿ.

ಇಂದಿನ ಜಾಲಕ್ಕೂ ಪರೀಕ್ಷೆಯು ಇದೇ ಆಗಿದೆ. ರಾಯಚೂರು ಜಿಲ್ಲೆಯು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದು, ಆಮೇಲೆ ಕನ್ನಡನಾಡಿನಲ್ಲಿ ಸೇರಿತು. ಆಗಲೂ ಅನಂತರವೂ ರೈತನ ಹೊಲದ ದಾಖಲೆಯು ಗ್ರಾಮಲೆಕ್ಕಿಗನ ಕೈಬರಹದ ಪುಸ್ತಕದಲ್ಲಿರುತ್ತಿತ್ತು; ಅದರ ಪ್ರತಿಯು ಬೇಕಾದರೆ ಅವನನ್ನೇ ಕಾಯಬೇಕಾಗಿತ್ತು. ಈ ಶತಮಾನದ ಆರಂಭದಲ್ಲಿ ಭೂಮಿ ಎಂಬ ಯೋಜನೆಯಿಂದ ಕರ್ನಾಟಕದ ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲೂಕು ಕಚೇರಿಗಳಲ್ಲಿ ೧೫ ರೂಪಾಯಿಗೆ ಪ್ರತಿಯನ್ನು ಕೊಡಲಾರಂಭಿಸಿದರು. ತಾಲೂಕು ಕೇಂದ್ರದಿಂದ ಗ್ರಾಮ ಪಂಚಾಯತಿಯವರೆಗೆ ಬೆಳಕಿನ ಎಳೆಯನ್ನು ಎಳೆಯುವ ಯೋಜನೆಗೆ ಕೇಂದ್ರ ಸರಕಾರವು ೨೦೧೧ರಲ್ಲಿ ಅನುಮತಿಯನ್ನಿತ್ತಿತು. ಭಾರತ್‌ನೆಟ್ ಎಂಬುದು ಅದರ ಈಗಿನ ಹೆಸರು. ೨೦೧೬ರ ಫೆಬ್ರವರಿ ೮ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಜಾಲದಲ್ಲಿ ನೋಡುವ ವಿಷಯವನ್ನನುಸರಿಸಿ ಬೇರೆ ಬೇರೆ ದರವನ್ನು ವಿಧಿಸಕೂಡದೆಂದು ನಿಯಮಿಸಿತು. ಮಧ್ಯಸ್ಥನು ಮೇಲ್ವಿಳಾಸವನ್ನು ನೋಡಿ ಸಾಗಿಸಬೇಕು, ಒಳಗಿರುವುದನ್ನು ನೋಡಿ ಸುಂಕದಲ್ಲಿ ಭೇದವೆಣಿಸಬಾರದು ಎಂಬುದು ಅದರ ತಾತ್ಪರ್ಯ.

ಆದುದರಿಂದ ಜಾಲದ ಮೂಲತತ್ತ್ವಗಳೆಂದರೆ ವಿಳಾಸದ ನಿಯಮ, ಹೊದಿಕೆಯ ನಿಯಮ, ದೋಷಪರೀಕ್ಷೆಯ ನಿಯಮ, ತನ್ನನ್ನು ತಗ್ಗಿಸಿಕೊಳ್ಳುವ ನಿಯಮ ಎಂಬ ಸಮಯಗಳೇ ಎಂದು ಸಿದ್ಧಪಡುವುದು. ಓಲೆಕಾರರು ಹೋದರು, ಸುವರ್ಣಗಿರಿಯು ಎಲ್ಲಿದ್ದಿತೆಂಬುದೇ ಮರೆತುಹೋಯಿತು. ಆ ದಾರಿಯಲ್ಲಿ ಬಂದ ಮಾತು ಮಾತ್ರ, ಅಲ್ಲಲ್ಲಿ ಚಕ್ಕೆಯೆದ್ದಿದ್ದರೂ, ಮಸ್ಕಿಯ ಗುಡ್ಡದ ಮೇಲೆ ಇಂದಿಗೂ ಓದುವುದಕ್ಕೆ ದೊರೆಯುವುದು. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಹೆದ್ದಾರಿಯಲ್ಲಿ ಹೋಗುವ ವಿದ್ಯಾರ್ಥಿಗಳು ಒಮ್ಮೆ ಅದರೆದುರಿಗೆ ನಿಂತು, ತಮ್ಮ ಕೈಯಲ್ಲಿರುವ ಯಂತ್ರದ ವಿದ್ಯೆಯನ್ನೂ ಆ ಬಂಡೆಯ ಇತಿಹಾಸವನ್ನೂ ಒಟ್ಟಿಗೆ ವಿಚಾರಿಸುವುದು ಶ್ರೇಯಸ್ಕರವಾಗಿದೆ.